ಬಂಕಾಪುರದ ಕೋಟೆಯಲ್ಲಿ ನವಿಲುಗಳ ಪಾಲನೆ

ಹಾವೇರಿ ಜಿಲ್ಲೆಯ ಬಂಕಾಪುರದ ಹಳೆಯ ಕೋಟೆಯು ಖಿಲಾರಿ ರಾಸುಗಳ ತಳಿ ಸಂವರ್ಧನೆಗೆ ಹೆಸರಾದುದು. ಅಲ್ಲಿ ನವಿಲುಗಳೂ ನೆಲೆಸಿರುವ ಕಾರಣ 2006ನೆಯ ಇಸವಿಯಲ್ಲಿ ಅದನ್ನು ನವಿಲುಧಾಮವೆಂದು ಸಾರಲಾಯಿತು. ಪಂಜರವಿಲ್ಲದೆ ಹಿಂಡು ಬಾಳುವ ಬಗೆಯನ್ನು ಗ್ರಾಮದ ಮುಖಂಡರು ಇಲ್ಲಿ ಕಾಣಬಹುದು.

ನವಿಲಿಗೆ ಮುಖ್ಯವಾಗಿ ಬೇಕಾದುವು ಮೂರು: ರಾತ್ರಿ ತಂಗಲು ಎತ್ತರವಾದ ಮರ, ಕುಡಿಯಲು ನೀರು, ಮೊಟ್ಟೆಯಿಡಲು ಮರೆಯುಳ್ಳ ಪೊದೆ. ಹೆಣ್ಣು ನವಿಲು ಹೆಚ್ಚಾಗಿ ಮಳೆಗಾಲದಲ್ಲಿ ನೆಲದ ಮೇಲೆಯೇ 4ರಿಂದ 8 ಮೊಟ್ಟೆಗಳನ್ನಿಟ್ಟು, ಸುಮಾರು 28 ದಿನ ಕಾವು ಕೊಡುವುದು. ಆ ಕಾಲದಲ್ಲಿ ಪೊದೆಗಳನ್ನು ಸವರದೆ, ನಾಯಿಗಳನ್ನು ಒಳಗೆ ಬಿಡದೆ ಇರತಕ್ಕದ್ದು.

ನವಿಲು ಮೇಯುವ ನೆಲದಲ್ಲಿ ಊರಕೋಳಿಗಳನ್ನೂ ಬಿಡಬಾರದು. ಕೋಳಿಯ ಕರುಳಿನಲ್ಲಿರುವ ಜಂತುಹುಳುವಿನ ಮೊಟ್ಟೆಗಳ ಮೂಲಕ ಯಕೃತ್ತನ್ನು ಕೆಡಿಸುವ ರೋಗವೊಂದು ನವಿಲಿಗೆ ತಗಲುವುದುಂಟು. ಕೋಳಿಯು ಆರೋಗ್ಯವಾಗಿ ಕಂಡರೂ ಅದನ್ನು ಹರಡಬಲ್ಲುದು.

ನವಿಲು ಬಿತ್ತಿದ ಕಾಳನ್ನು ಹೆಕ್ಕುವುದು, ರೈತನಿಗೆ ನಷ್ಟವಾಗುವುದು, ಎರಡೂ ದಿಟ. ಆದರೆ ಅದಕ್ಕೆ ವಿಷವಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಔಷಧ ಲೇಪಿಸಿದ ಬೀಜವನ್ನು ಮಣ್ಣಿನಲ್ಲಿ ಚೆನ್ನಾಗಿ ಮುಚ್ಚಿ, ಬದುವಿನ ಮೇಲೆ ಚೆಲ್ಲಿದುದನ್ನು ಆಯ್ದು ತೆಗೆದರೆ, ಅರಿಯದೆ ಆಗುವ ಸಾವೂ ತಪ್ಪುವುದು. ಗರಿಗಾಗಿಯಂತೂ ಹಕ್ಕಿಯನ್ನು ಕೊಲ್ಲಬೇಕಾದುದೇ ಇಲ್ಲ; ಮಳೆಗಾಲ ಮುಗಿಯುವ ವೇಳೆಗೆ ಗಂಡು ನವಿಲು ಅದನ್ನು ತಾನಾಗಿಯೇ ಉದುರಿಸುವುದು.