ಕಣ್ಣು ಮುಂದೆ, ದನಿ ಹಿಂದೆ: ಗದುಗಿನ ಸೀಮೆಯ ವಾಚನ ಪರಂಪರೆ

ಗದುಗಿನ ಮಗ್ಗುಲಲ್ಲಿರುವ ನಾಗಾವಿಯಲ್ಲಿ ಇಂದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಅಲ್ಲಿನ ಓದು, ಎಲ್ಲ ವಿದ್ಯಾಲಯಗಳಲ್ಲಿರುವಂತೆ, ಬಹುಮಟ್ಟಿಗೆ ಮೌನದ ಓದು. ಇದೇ ಸೀಮೆಯ ವೀರನಾರಾಯಣನ ಸನ್ನಿಧಿಯೊಡನೆ ಹೆಸರು ಬೆಸೆದುಕೊಂಡಿರುವ ಕುಮಾರವ್ಯಾಸನ ಭಾರತವಾದರೋ ಶತಮಾನಗಳ ಕಾಲ ಜನರನ್ನು ತಲುಪಿದ್ದು ಗಟ್ಟಿದನಿಯ ಓದಿನಿಂದ. ಈ ಎರಡು ಓದುಗಳಲ್ಲಿ ಕಣ್ಣಿನ ನಡೆ ಬೇರೆ ಬೇರೆ.

ಕಣ್ಣು ಸಾಲಿನ ಮೇಲೆ ಹರಿಯುವುದಿಲ್ಲ. ನೆಗೆದು ನಿಂತು ಮತ್ತೆ ನೆಗೆಯುತ್ತದೆ. ಇಂಗ್ಲಿಷ್ ಓದುಗರ ಮೇಲೆ ನಡೆದ ಪ್ರಯೋಗಗಳ ಪ್ರಕಾರ ಮೌನದ ಓದಿನಲ್ಲಿ ಒಂದು ನಿಲುಗಡೆ ಸರಾಸರಿ 225ರಿಂದ 250 ಮಿಲಿಸೆಕೆಂಡು, ಗಟ್ಟಿ ಓದಿನಲ್ಲಿ 275ರಿಂದ 325. ನೆಗೆತವೂ ಸುಮಾರು 8 ಅಕ್ಷರಗಳಿಂದ 6ಕ್ಕೆ ಇಳಿಯುತ್ತದೆ. ನಾಲಗೆ ನಿಧಾನಿ, ಕಣ್ಣು ಅದಕ್ಕಾಗಿ ಕಾಯಬೇಕು. ಆದರೂ ಕಣ್ಣು ದನಿಗಿಂತ ತುಸು ಮುಂದೆಯೇ ಇರುತ್ತದೆ. ಈ ಅಂತರವನ್ನು ಅಮೆರಿಕದ ಗೈ ಬಸ್ವೆಲ್ 1920ರಲ್ಲಿ ವಿವರವಾಗಿ ಅಳೆದು ಪ್ರಕಟಿಸಿದನು. ಒತ್ತಕ್ಷರಗಳೂ ಸಂಧಿಯಿಂದ ಬೆಳೆದ ದೀರ್ಘ ಪದಗಳೂ ಇರುವ ಕನ್ನಡಕ್ಕೆ ಈ ಅಂಕಿಗಳನ್ನು ಹಾಗೆಯೇ ಹೊಂದಿಸುವುದು ಸಲ್ಲದು.

ಓಲೆಗರಿಯ ಓದಿನಲ್ಲಿ ಈ ಅಂತರಕ್ಕೆ ವಿಶೇಷ ಮಹತ್ವವಿದೆ. ಗರಿಯಲ್ಲಿ ಪದಗಳ ನಡುವೆ ತೆರಪಿಲ್ಲ. ಭಾಮಿನಿ ಷಟ್ಪದಿಯ 102 ಮಾತ್ರೆಗಳು ಆರು ಸಾಲುಗಳಾಗಿ ಒಡೆದು ನಿಲ್ಲದೆ ಗರಿಯ ಅಂಚಿನವರೆಗೆ ಓಡುತ್ತವೆ. ನಡುವೆ ದಾರದ ರಂಧ್ರ ಬೇರೆ. ಎಲ್ಲಿ ಪದ ಮುಗಿಯಿತು, ಎಲ್ಲಿ ಉಸಿರು ತೆಗೆಯಬೇಕು ಎಂಬುದನ್ನು ದನಿ ಬರುವ ಮೊದಲೇ ಕಣ್ಣು ನಿರ್ಣಯಿಸಬೇಕು. ರಾಗದ ಎಳೆತ ಕಿವಿಗೆ ಇಂಪಾದಂತೆ ಕಣ್ಣಿಗೆ ಬಿಡುವೂ ಆಗಿತ್ತೆನ್ನಬಹುದು. ವ್ಯಾಖ್ಯಾನಕಾರ ಅರ್ಥ ಬಿಡಿಸುವಾಗ ವಾಚಕನ ಕಣ್ಣಿಗೆ ಮುಂದಿನ ಪದ್ಯವನ್ನು ಮೌನವಾಗಿ ನೋಡಿಕೊಳ್ಳಲು ಅವಕಾಶ. ಹೀಗೆ ಗಮಕದ ಒಂದೇ ಕೂಟದಲ್ಲಿ ಎರಡೂ ಬಗೆಯ ಓದುಗಳಿಗೆ ಎಡೆಯಿದೆ. ಅಚ್ಚಿನ ಪ್ರತಿಯಲ್ಲಿ ಈ ದುಡಿಮೆಯ ಬಹುಭಾಗವನ್ನು ಸಂಪಾದಕನೇ ಮಾಡಿಟ್ಟಿರುತ್ತಾನೆ.

ಕ್ಷೇತ್ರಕಾರ್ಯದ ಧ್ವನಿಮುದ್ರಣದಲ್ಲಿ ಇದಾವುದೂ ಉಳಿಯುವುದಿಲ್ಲ. ವಾಚಕನ ಮುಂದಿರುವುದು ಗರಿಯೋ ಅಚ್ಚಿನ ಪುಸ್ತಕವೋ, ಆತ ನೋಡಿ ಓದುತ್ತಾನೋ ಕಂಠಪಾಠಕ್ಕೆ ಸುಳಿವು ಹುಡುಕುತ್ತಾನೋ ಎಂಬುದು ದಾಖಲಾಗದಿದ್ದರೆ ಅವನ ತಡವರಿಕೆಯನ್ನು ದೋಷವೆಂದೂ ಪಾಠಾಂತರವೆಂದೂ ಎಣಿಸುವ ಅಪಾಯವಿದೆ. ನೋಡಿ ಓದುವ ವಾಚಕರು ವಿರಳವಾಗುತ್ತಿರುವಾಗ ಈ ದಾಖಲೆ ತುರ್ತಿನದು.

ಗದುಗಿನ ವೀರೇಶ್ವರ ಪುಣ್ಯಾಶ್ರಮವು ಅಂಧರಿಗೆ ಸಂಗೀತವಿದ್ಯೆ ನೀಡಿದ ನೆಲೆ. ಬ್ರೈಲ್ ಓದುವ ಬೆರಳು ಕಣ್ಣಿನಂತೆ ನೆಗೆಯುವುದಿಲ್ಲ, ಚುಕ್ಕೆಗಳ ಮೇಲೆ ಬಹುಮಟ್ಟಿಗೆ ಎಡೆಬಿಡದೆ ಸರಿಯುತ್ತದೆ. ಬೆರಳಿಗೂ ದನಿಗೂ ನಡುವಿನ ಅಂತರವು ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದುದು.