ಕಿವಿಗೆ ಇಯರ್‌ಫೋನ್, ಕಾಲಿಗೆ ಚಪ್ಪಲಿ: ಅಣ್ಣಾ ನಗರದಿಂದ ಹಳೇ ಮದ್ರಾಸಿಗೆ ಆಡಿಯೋ ನಡಿಗೆ, ಕನ್ನಡಿಗರಿಗೆ ಇಲ್ಲೇನಿದೆ?

ಚೆನ್ನೈ: ಅಣ್ಣಾ ನಗರದ ಟವರ್ ಪಾರ್ಕ್‌ನಲ್ಲಿ ದಿನಾ ವಾಕಿಂಗ್ ಮಾಡುವವರಲ್ಲಿ ಎಷ್ಟು ಜನ ಆ ಗೋಪುರದ ಅಧಿಕೃತ ಹೆಸರನ್ನು ಗಮನಿಸಿದ್ದಾರೋ ಗೊತ್ತಿಲ್ಲ. ಅದು ಡಾ. ವಿಶ್ವೇಶ್ವರಯ್ಯ ಟವರ್. ಹೌದು, ನಮ್ಮ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಅವರ ಹೆಸರೇ. 1968ರಲ್ಲಿ ಇಲ್ಲಿ ನಡೆದ ಅಂತಾರಾಷ್ಟ್ರೀಯ ವಾಣಿಜ್ಯ ಮೇಳಕ್ಕಾಗಿ ಎದ್ದುನಿಂತ ಈ ಗೋಪುರದ ಎತ್ತರ 135 ಅಡಿ. ಅದರ ಸುತ್ತ ಬೆಳೆದ ಬಡಾವಣೆಯೇ ಇಂದಿನ ಅಣ್ಣಾ ನಗರ.

ಹೆಸರು ಅಲ್ಲೇ ಇದೆ, ನಾವೂ ಅಲ್ಲೇ ಓಡಾಡುತ್ತೇವೆ. ಆದರೂ ಗೊತ್ತಾಗುವುದಿಲ್ಲ, ಯಾಕೆಂದರೆ ಆ ಹೊತ್ತಿಗೆ ಪಕ್ಕದಲ್ಲಿ ನಿಂತು ಹೇಳುವವರು ಯಾರೂ ಇರುವುದಿಲ್ಲ. ಈ ಕೊರತೆ ತುಂಬಲು ಬಂದಿರುವುದೇ ಆಡಿಯೋ ವಾಕಿಂಗ್ ಟೂರ್. ಗೈಡ್ ಬೇಡ, ಗುಂಪು ಬೇಡ. ಮೊಬೈಲ್ ಮತ್ತು ಇಯರ್‌ಫೋನ್ ಇದ್ದರೆ ಸಾಕು.

ಬ್ರಿಟಿಷರ ಕಾಲದ ಮದ್ರಾಸನ್ನು ಹೀಗೆ ಕೇಳುತ್ತಾ ನಡೆಯುವುದು ಹೇಗೆ? ಕನ್ನಡಿಗರು ಅಲ್ಲಿ ಏನನ್ನು ಕೇಳಿಸಿಕೊಳ್ಳಬೇಕು? ಇಲ್ಲಿದೆ ಪೂರ್ತಿ ವಿವರ.

ಏನಿದು ಆಡಿಯೋ ವಾಕ್?

ಇದು ಹೊಸ ಐಡಿಯಾ ಏನಲ್ಲ. 1952ರಲ್ಲೇ ಆಮ್‌ಸ್ಟರ್‌ಡ್ಯಾಮ್‌ನ ಸ್ಟೆಡಲಿಕ್ ಮ್ಯೂಸಿಯಂ ರೇಡಿಯೋ ತರಂಗದ ಮೂಲಕ ನೋಡುಗರ ಕಿವಿಗೆ ವಿವರಣೆ ಕೇಳಿಸಿತ್ತು. ನಂತರ ಕ್ಯಾಸೆಟ್ ಬಂತು, ಈಗ ಮೊಬೈಲ್ ಆ್ಯಪ್ ಬಂದಿದೆ.

ಇವತ್ತು ಇದು ಮುಖ್ಯವಾಗಿ ಎರಡು ರೀತಿ ಕೆಲಸ ಮಾಡುತ್ತದೆ. ಒಂದು, ಸ್ಥಳದಲ್ಲಿರುವ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದರೆ ಅಥವಾ ನಂಬರ್ ಒತ್ತಿದರೆ ಆ ಜಾಗದ ಕಥೆ ಶುರುವಾಗುತ್ತದೆ. ಇನ್ನೊಂದು, ಜಿಪಿಎಸ್ ಆಧಾರಿತ. ವಾಯ್ಸ್‌ಮ್ಯಾಪ್‌ನಂಥ ಆ್ಯಪ್‌ಗಳು ಈ ಬಗೆಯವು. ನೀವು ಒಂದು ತಿರುವಿಗೆ ಬಂದ ಕೂಡಲೇ ಮೊಬೈಲ್‌ಗೆ ಅದು ತಿಳಿಯುತ್ತದೆ, ಆ ಜಾಗಕ್ಕೆ ಜೋಡಿಸಿಟ್ಟ ಧ್ವನಿ ತಾನಾಗಿ ಕೇಳಿಸುತ್ತದೆ. ಮೊದಲೇ ಡೌನ್‌ಲೋಡ್ ಮಾಡಿಕೊಂಡರೆ ದಾರಿಯಲ್ಲಿ ಇಂಟರ್‌ನೆಟ್ ಕೈಕೊಟ್ಟರೂ ಚಿಂತೆಯಿಲ್ಲ.

ಬೇಕಾದಲ್ಲಿ ನಿಲ್ಲಬಹುದು, ಕಾಫಿ ಕುಡಿಯಬಹುದು, ಅರ್ಧ ಇವತ್ತು ಮುಗಿಸಿ ಉಳಿದದ್ದನ್ನು ಮುಂದಿನ ಭಾನುವಾರಕ್ಕೆ ಇಟ್ಟುಕೊಳ್ಳಬಹುದು. ಆದರೆ ಒಂದು ಮಿತಿಯೂ ಇದೆ. ಗೈಡ್ ಆದರೆ 'ಸರ್, ಇದು ಯಾಕೆ ಹೀಗೆ?' ಎಂದು ತಿರುಗಿ ಕೇಳಬಹುದು. ರೆಕಾರ್ಡ್ ಆದ ಧ್ವನಿಯನ್ನು ಕೇಳಲು ಆಗುವುದಿಲ್ಲ. ಅದು ಹೇಳಿದ್ದಷ್ಟೇ ಕಥೆ, ಬಿಟ್ಟದ್ದು ಬಿಟ್ಟ ಹಾಗೆಯೇ. ಹಾಗಾಗಿ ಯಾವ ಧ್ವನಿ ಯಾರ ಕಡೆಯಿಂದ ಮಾತಾಡುತ್ತಿದೆ ಎಂಬುದು ಇಲ್ಲಿ ತುಂಬಾ ಮುಖ್ಯ.

ಕನ್ನಡಿಗರಿಗೇಕೆ ಮದ್ರಾಸ್?

'ನಮಗೂ ಮದ್ರಾಸಿಗೂ ಏನು ಸಂಬಂಧ?' ಎನ್ನುವವರು ಮಂಗಳೂರು, ಉಡುಪಿ, ಬಳ್ಳಾರಿ, ಕೊಳ್ಳೇಗಾಲದ ಹಿರಿಯರನ್ನು ಒಮ್ಮೆ ಕೇಳಿ. ಅವರಿಗೆ ರಾಜಧಾನಿ ಬೆಂಗಳೂರಲ್ಲ, ಮದ್ರಾಸ್ ಆಗಿತ್ತು. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಕಾದವು. ಅದೇ ದಿನ ಕಾಸರಗೋಡು ಕೇರಳದ ಪಾಲಾಯಿತು. ಅಲ್ಲಿಯವರೆಗೆ ಈ ಊರುಗಳ ಕಂದಾಯ, ಶಾಲೆ, ರಸ್ತೆಗಳ ತೀರ್ಮಾನ ಆಗುತ್ತಿದ್ದದ್ದು ಮದ್ರಾಸಿನ ಕೋಟೆಯಲ್ಲಿ.

ನಗರದ ಹುಟ್ಟಿನ ಕಥೆಯಲ್ಲೂ ನಮಗೆ ಪರಿಚಿತ ಹೆಸರುಗಳಿವೆ. 1639ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಡೇಗೆ ಕಡಲತೀರದ ಈ ಜಾಗ ಕೊಟ್ಟವರು ಸ್ಥಳೀಯ ನಾಯಕ ದಾಮರ್ಲ ವೆಂಕಟಾದ್ರಿ. ಅವರು ವಿಜಯನಗರದ ಕೊನೆಯ ಅರಸುಮನೆತನವಾದ ಅರವೀಡು ವಂಶದ ಅಧೀನದಲ್ಲಿದ್ದವರು. ಅವರ ತಂದೆ ಚೆನ್ನಪ್ಪ ನಾಯಕರಿಂದಲೇ 'ಚೆನ್ನಪಟ್ಟಣ' ಎಂಬ ಹೆಸರು ಬಂತು ಎನ್ನಲಾಗುತ್ತದೆ. 1996ರಲ್ಲಿ ಮದ್ರಾಸ್ ಚೆನ್ನೈ ಆದಾಗ ಮರಳಿ ಬಂದದ್ದು ಆ ಹೆಸರೇ. ಆಗಸ್ಟ್ 22ರಂದು ಆಚರಿಸುವ 'ಮದ್ರಾಸ್ ದಿನ' ಈ ಭೂದಾನದ ನೆನಪಿಗೆ. 2004ರಿಂದ ನಡೆಯುತ್ತಿರುವ ಈ ಆಚರಣೆಯಲ್ಲಿ ಪಾರಂಪರಿಕ ನಡಿಗೆಗಳದ್ದೇ ದೊಡ್ಡ ಪಾಲು.

ಹೋಗುವುದು ಹೇಗೆ?

ಅಣ್ಣಾ ನಗರ ಟವರ್ ಮೆಟ್ರೋ ನಿಲ್ದಾಣದಲ್ಲಿ ಹಸಿರು ಮಾರ್ಗದ ರೈಲು ಹತ್ತಿ ಸೆಂಟ್ರಲ್‌ನಲ್ಲಿ ಇಳಿಯಿರಿ. ಅಲ್ಲಿ ನೀಲಿ ಮಾರ್ಗಕ್ಕೆ ಬದಲಾಯಿಸಿಕೊಂಡರೆ ಮುಂದಿನ ನಿಲ್ದಾಣವೇ ಹೈಕೋರ್ಟ್. ಬೆಂಗಳೂರು ಅಥವಾ ಮೈಸೂರಿನಿಂದ ರೈಲಿನಲ್ಲಿ ಬಂದು ಸೆಂಟ್ರಲ್‌ನಲ್ಲಿ ಇಳಿಯುವವರಿಗೆ ಇನ್ನೂ ಸುಲಭ. ಹೈಕೋರ್ಟ್ ನಿಲ್ದಾಣದಿಂದ ಕೋಟೆಗೆ ನಡೆದೇ ಹೋಗಬಹುದು, ಬಿಸಿಲಿದ್ದರೆ ಆಟೋ ಹಿಡಿಯಿರಿ. ಕೋಟೆಯಿಂದ ಶುರುಮಾಡಿ ಮತ್ತೆ ಇದೇ ನಿಲ್ದಾಣಕ್ಕೆ ಬಂದು ಮುಗಿಸುವ ಸುತ್ತು ಇದು. ಅರ್ಧ ದಿನ ಬೇಕು.

1. ಸೇಂಟ್ ಜಾರ್ಜ್ ಕೋಟೆ: ಟಿಪ್ಪು ಮಕ್ಕಳ ಕಥೆ

ತಮಿಳುನಾಡಿನ ಸಚಿವಾಲಯ, ವಿಧಾನಸಭೆ ಇರುವುದು ಇದೇ ಕೋಟೆಯೊಳಗೆ. ಭದ್ರತಾ ತಪಾಸಣೆ ಇರುತ್ತದೆ, ಗುರುತಿನ ಚೀಟಿ ಜೊತೆಗಿರಲಿ.

ಕೋಟೆಯ ಮ್ಯೂಸಿಯಂ ಕಟ್ಟಡ 1795ರದ್ದು. 1947ರ ಆಗಸ್ಟ್ 15ರಂದು ಈ ಕೋಟೆಯ ಮೇಲೆ ಹಾರಿದ ತ್ರಿವರ್ಣ ಧ್ವಜ ಇಲ್ಲಿದೆ. ಅದರ ಜೊತೆಗೆ ಕನ್ನಡಿಗರು ತಪ್ಪದೆ ನೋಡಬೇಕಾದದ್ದು ಲಾರ್ಡ್ ಕಾರ್ನ್‌ವಾಲಿಸ್‌ನ ದೊಡ್ಡ ಅಮೃತಶಿಲೆಯ ಪ್ರತಿಮೆ. ಶಿಲ್ಪಿ ಥಾಮಸ್ ಬ್ಯಾಂಕ್ಸ್. ಪ್ರತಿಮೆಯ ಮುಖ ಆಮೇಲೆ ನೋಡಿ, ಮೊದಲು ಪೀಠದತ್ತ ಬಗ್ಗಿ. ಟಿಪ್ಪು ಸುಲ್ತಾನನ ಇಬ್ಬರು ಗಂಡುಮಕ್ಕಳನ್ನು ಕಾರ್ನ್‌ವಾಲಿಸ್ ಬರಮಾಡಿಕೊಳ್ಳುತ್ತಿರುವ ಕೆತ್ತನೆ ಅಲ್ಲಿದೆ.

1792ರ ಶ್ರೀರಂಗಪಟ್ಟಣ ಒಪ್ಪಂದದ ಪ್ರಕಾರ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು, ಭಾರಿ ಹಣ ಕಟ್ಟಬೇಕಾಯಿತು. ಹಣ ಸಂದಾಯವಾಗುವವರೆಗೆ ಇಬ್ಬರು ಮಕ್ಕಳು ಒತ್ತೆಯಾಳು. ಹತ್ತು ವರ್ಷದ ಆಸುಪಾಸಿನ ಆ ಹುಡುಗರನ್ನು ಮದ್ರಾಸಿಗೆ ಕರೆತಂದರು. ಅವರು ತಂದೆಯ ಬಳಿಗೆ ಮರಳಿದ್ದು 1794ರಲ್ಲಿ.

ಕೆತ್ತನೆಯಲ್ಲಿ ಕಾರ್ನ್‌ವಾಲಿಸ್ ಮಕ್ಕಳನ್ನು ಪ್ರೀತಿಯಿಂದ ಸ್ವೀಕರಿಸುವ ದೊಡ್ಡ ಮನುಷ್ಯ. ಇದೇ ದೃಶ್ಯವನ್ನು ಶ್ರೀರಂಗಪಟ್ಟಣದ ಕಡೆಯಿಂದ ನೋಡಿದರೆ? ಮನೆ ಬಿಟ್ಟು ನೂರಾರು ಮೈಲಿ ದೂರ ಬಂದ ಇಬ್ಬರು ಮಕ್ಕಳು. ಒಂದೇ ಕಲ್ಲು, ಎರಡು ಕಥೆ. ನೀವು ಕೇಳುವ ಆಡಿಯೋ ಎರಡನ್ನೂ ಹೇಳುತ್ತದೆಯೇ ಎಂದು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು.

ಇದಕ್ಕೂ ಮೊದಲು, 1769ರಲ್ಲಿ, ಟಿಪ್ಪುವಿನ ತಂದೆ ಹೈದರ್ ಅಲಿ ಸೈನ್ಯದೊಂದಿಗೆ ಮದ್ರಾಸಿನ ಹೊರವಲಯದವರೆಗೆ ಬಂದು ಕಂಪನಿಯನ್ನು ಒಪ್ಪಂದಕ್ಕೆ ಕೂರಿಸಿದ್ದ. ಆ ಒಪ್ಪಂದಕ್ಕೆ ಇತಿಹಾಸದಲ್ಲಿ ಇರುವ ಹೆಸರೇ ಮದ್ರಾಸ್ ಒಪ್ಪಂದ.

2. ಸೇಂಟ್ ಮೇರೀಸ್ ಚರ್ಚ್: ಯೇಲ್ ಹೆಸರಿನ ಹಿಂದೆ

ಕೋಟೆಯೊಳಗಿನ ಈ ಚರ್ಚ್ 1680ರಲ್ಲಿ ಪ್ರತಿಷ್ಠಾಪನೆಯಾಯಿತು. ಭಾರತದಲ್ಲಿ ಉಳಿದಿರುವ ಅತಿ ಹಳೆಯ ಆಂಗ್ಲಿಕನ್ ಚರ್ಚ್ ಇದು. ಫಿರಂಗಿ ಗುಂಡಿಗೆ ಜಗ್ಗಬಾರದೆಂದು ಕಮಾನಿನಾಕಾರದ ದಪ್ಪ ಛಾವಣಿ ಕಟ್ಟಿದ್ದಾರೆ. ರಾಬರ್ಟ್ ಕ್ಲೈವ್ 1753ರಲ್ಲಿ ಮದುವೆಯಾದದ್ದು ಇಲ್ಲೇ.

ಎಲಿಹು ಯೇಲ್ ಮದುವೆಯೂ ಇಲ್ಲೇ ಆಯಿತು. 1687ರಿಂದ 1692ರವರೆಗೆ ಆತ ಮದ್ರಾಸಿನ ಗವರ್ನರ್. ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಈತನದೇ ಹೆಸರು. ಆತನ ಆಡಳಿತದ ಕಾಲದಲ್ಲಿ ಮದ್ರಾಸಿನಿಂದ ಗುಲಾಮರನ್ನು ಹಡಗಿನಲ್ಲಿ ಸಾಗಿಸಲಾಗುತ್ತಿತ್ತು ಎಂಬುದೂ ಅಷ್ಟೇ ನಿಜ. ದಾನದ ಕಥೆ ಹೇಳುವ ಧ್ವನಿ ಇದನ್ನೂ ಹೇಳಬೇಕು.

ಚರ್ಚ್ ಅಂಗಳದಲ್ಲಿ ಕಾಲಿಡುವಾಗ ನೆಲ ನೋಡಿ. ಅಲ್ಲಿ ಹಾಸಿರುವುದು ಹಳೆಯ ಗೋರಿಕಲ್ಲುಗಳು. ಕೋಟೆಯ ಹೊರಗಿದ್ದ ಸ್ಮಶಾನದ ಗೋರಿಗಳನ್ನು ಫ್ರೆಂಚ್ ಸೈನಿಕರು 1758-59ರ ಮುತ್ತಿಗೆಯಲ್ಲಿ ಮರೆಯಾಗಿ ಬಳಸಿಕೊಂಡಿದ್ದರು. ಆಮೇಲೆ ಕಲ್ಲುಗಳನ್ನು ಇಲ್ಲಿಗೆ ತಂದು ಹಾಸಲಾಯಿತು.

3. ಹೈಕೋರ್ಟ್: ಊರೊಂದು ಮಾಯವಾದ ಜಾಗ

ಕೋಟೆಯಿಂದ ಉತ್ತರಕ್ಕೆ ಬಂದರೆ ಕೆಂಪು ಬಣ್ಣದ, ಗುಮ್ಮಟಗಳ ಮದ್ರಾಸ್ ಹೈಕೋರ್ಟ್. ಇಂಡೋ-ಸಾರ್ಸೆನಿಕ್ ಶೈಲಿಯ ಈ ಕಟ್ಟಡ ಉದ್ಘಾಟನೆಯಾದದ್ದು 1892ರಲ್ಲಿ. ಇದರ ಎತ್ತರದ ಗೋಪುರ 1894ರಿಂದ 1977ರವರೆಗೆ ಹಡಗುಗಳಿಗೆ ದಾರಿ ತೋರಿಸುವ ದೀಪಸ್ತಂಭವೂ ಆಗಿತ್ತು.

1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ 'ಎಂಡೆನ್' ಯುದ್ಧನೌಕೆ ಮದ್ರಾಸಿನ ಮೇಲೆ ಗುಂಡು ಸುರಿಸಿ ಬಂದರಿನ ಎಣ್ಣೆ ಟ್ಯಾಂಕ್‌ಗಳಿಗೆ ಬೆಂಕಿ ಹಚ್ಚಿತು. ಅದರ ನೆನಪಿನ ಫಲಕ ಹೈಕೋರ್ಟ್ ಆವರಣದ ಗೋಡೆಯಲ್ಲಿದೆ. ತಮಿಳಿನಲ್ಲಿ ಈಗಲೂ ಗಟ್ಟಿಗನನ್ನು 'ಎಂಡನ್' ಎನ್ನುತ್ತಾರೆ.

ಆದರೆ ಈ ಕಟ್ಟಡಕ್ಕಿಂತ ದೊಡ್ಡ ಕಥೆ ಇದರ ಅಡಿಯ ನೆಲದ್ದು. ಕೋಟೆಯೊಳಗೆ ಬಿಳಿಯರ 'ವೈಟ್ ಟೌನ್' ಇದ್ದರೆ, ಗೋಡೆಯ ಹೊರಗೆ ನೇಕಾರರು, ವ್ಯಾಪಾರಿಗಳು, ದುಭಾಷಿಗಳು ಬದುಕಿದ್ದ 'ಬ್ಲ್ಯಾಕ್ ಟೌನ್' ಇತ್ತು. 1746ರಲ್ಲಿ ಫ್ರೆಂಚರು ಮದ್ರಾಸ್ ಹಿಡಿದರು, 1749ರಲ್ಲಿ ಇಂಗ್ಲಿಷರು ಮರಳಿ ಪಡೆದರು. ಮನೆಗಳ ಮರೆಯಲ್ಲಿ ಶತ್ರು ಕೋಟೆ ಹತ್ತಿರ ಬರುತ್ತಾನೆಂಬ ಭಯಕ್ಕೆ ಮೊದಲು ಫ್ರೆಂಚರು, ಆಮೇಲೆ ಇಂಗ್ಲಿಷರು ಈ ಊರನ್ನು ಕೆಡವಿದರು. ಅಲ್ಲಿದ್ದ ಚೆನ್ನಕೇಶವ ದೇವಸ್ಥಾನವೂ ಉಳಿಯಲಿಲ್ಲ. ಬಯಲಾದ ಆ ನೆಲದಲ್ಲಿ ಶತಮಾನದ ನಂತರ ಎದ್ದದ್ದೇ ಹೈಕೋರ್ಟ್.

4. ಪ್ಯಾರೀಸ್ ಕಾರ್ನರ್: ಯಾರೂ ನೋಡದ ಕಂಬ

ಹೈಕೋರ್ಟ್ ಎದುರಿನ ಎನ್ಎಸ್‌ಸಿ ಬೋಸ್ ರಸ್ತೆಯ ಪೂರ್ವ ತುದಿಯೇ ಪ್ಯಾರೀಸ್ ಕಾರ್ನರ್. 1788ರಲ್ಲಿ ಮದ್ರಾಸಿಗೆ ಬಂದ ವ್ಯಾಪಾರಿ ಥಾಮಸ್ ಪ್ಯಾರಿಯ ಹೆಸರು ಇದಕ್ಕೆ. ಇಲ್ಲಿರುವ ಡೇರ್ ಹೌಸ್ ಕಟ್ಟಡದ ಬಳಿ ಒಂದು ಹಳೆಯ ಕಲ್ಲುಕಂಬ ಉಳಿದಿದೆ. 'ಈ ಗೆರೆ ದಾಟಿ ಕೋಟೆ ಕಡೆಗೆ ಯಾರೂ ಮನೆ ಕಟ್ಟಕೂಡದು' ಎಂದು ಕಂಪನಿ ನೆಟ್ಟಿದ್ದ ಗಡಿಕಂಬಗಳಲ್ಲಿ ಅದೂ ಒಂದು. ಮಾಯವಾದ ಊರಿಗೆ ಉಳಿದಿರುವ ಸಾಕ್ಷಿ ಇದು. ಬಸ್ಸು, ಆಟೋಗಳ ಗದ್ದಲದಲ್ಲಿ ಕಣ್ಣಿಗೇ ಬೀಳುವುದಿಲ್ಲ. ಆಡಿಯೋ ಹೆಚ್ಚು ಉಪಯೋಗಕ್ಕೆ ಬರುವುದೇ ಇಂಥ ಜಾಗದಲ್ಲಿ.

5. ಅರ್ಮೇನಿಯನ್ ಸ್ಟ್ರೀಟ್: ಪತ್ರಿಕೆಯೊಂದು ಹುಟ್ಟಿದ ಊರು

ಗೆರೆಯ ಆಚೆ ಹೊಸದಾಗಿ ಬೆಳೆದ ಬ್ಲ್ಯಾಕ್ ಟೌನ್ ಇಂದಿನ ಜಾರ್ಜ್ ಟೌನ್. ಐದನೇ ಜಾರ್ಜ್ ಹೆಸರಿನಲ್ಲಿ 20ನೇ ಶತಮಾನದ ಆರಂಭದಲ್ಲಿ ಮರುನಾಮಕರಣವಾಯಿತು. ಅರ್ಮೇನಿಯನ್ ಸ್ಟ್ರೀಟ್‌ನಲ್ಲಿ 1772ರ ಅರ್ಮೇನಿಯನ್ ಚರ್ಚ್ ಇದೆ. ಜಗತ್ತಿನ ಮೊದಲ ಅರ್ಮೇನಿಯನ್ ಪತ್ರಿಕೆ 'ಅಜ್ದರಾರ್' 1794ರಲ್ಲಿ ಪ್ರಕಟವಾದದ್ದು ಅರ್ಮೇನಿಯಾದಲ್ಲಲ್ಲ, ಮದ್ರಾಸಿನಲ್ಲಿ. ಅದನ್ನು ಹೊರತಂದ ಪಾದ್ರಿ ಹಾರುತ್ಯುನ್ ಶ್ಮಾವೊನ್ಯನ್ ಅವರ ಸಮಾಧಿ ಈ ಚರ್ಚ್ ಆವರಣದಲ್ಲಿದೆ.

ಪಕ್ಕದ ತಂಬು ಚೆಟ್ಟಿ ಬೀದಿಯಲ್ಲಿ ಕಾಳಿಕಾಂಬಾಳ್ ದೇವಸ್ಥಾನ. 1677ರಲ್ಲಿ ಶಿವಾಜಿ ಮಹಾರಾಜರು ಇಲ್ಲಿ ಪೂಜೆ ಸಲ್ಲಿಸಿದ್ದರು ಎಂಬ ನಂಬಿಕೆಯಿದೆ.

6. ಜೋಡಿ ದೇವಸ್ಥಾನ: ಮರಳಿ ಬಂದ ಚೆನ್ನಕೇಶವ

ಎನ್ಎಸ್‌ಸಿ ಬೋಸ್ ರಸ್ತೆಗೆ ವಾಪಸ್ ಬಂದು ಪಶ್ಚಿಮಕ್ಕೆ ನಡೆದರೆ ಹೂವಿನ ಮಾರುಕಟ್ಟೆಯ ಹತ್ತಿರ ಚೆನ್ನಕೇಶವ ಪೆರುಮಾಳ್ ಮತ್ತು ಚೆನ್ನ ಮಲ್ಲೀಶ್ವರರ್ ಜೋಡಿ ದೇವಸ್ಥಾನಗಳಿವೆ. ಹೈಕೋರ್ಟ್ ಜಾಗದಲ್ಲಿ ಕೆಡವಿದ ದೇವಸ್ಥಾನಕ್ಕೆ ಬದಲಾಗಿ ಎದ್ದವು ಇವು. ಗವರ್ನರ್ ಪಿಗಟ್‌ನ ದುಭಾಷಿಯಾಗಿದ್ದ ಮಣಲಿ ಮುತ್ತುಕೃಷ್ಣ ಮುದಲಿಯಾರ್ ಇದಕ್ಕೆ ಮುಂದಾಳಾಗಿ ನಿಂತವರು. ಕೋಟೆಯಲ್ಲಿ ಶುರುವಾದ ನಡಿಗೆ ಕೋಟೆ ಹೊರಗಿನವರ ಕಥೆಯಲ್ಲಿ ಮುಗಿಯುವುದು ಸರಿಯಾಗಿಯೇ ಇದೆ. ಇಲ್ಲಿಂದ ಹೈಕೋರ್ಟ್ ಮೆಟ್ರೋ ಹತ್ತಿರ.

ಕನ್ನಡದ ಧ್ವನಿ ನೀವೇ ಮಾಡಬಹುದು

ನಗರಗಳ ಆಡಿಯೋ ಟೂರ್‌ಗಳಲ್ಲಿ ಇಂಗ್ಲಿಷ್‌ನದ್ದೇ ಮೇಲುಗೈ. ಹೊರಗಿನ ಪ್ರವಾಸಿಗನನ್ನು ಮನಸ್ಸಿನಲ್ಲಿಟ್ಟು ಬರೆದ ಕಥೆಯಲ್ಲಿ ಗವರ್ನರ್‌ಗಳು, ಗುಮ್ಮಟಗಳು ಮುಂದೆ ಬರುತ್ತವೆ. ಶ್ರೀರಂಗಪಟ್ಟಣದ ಮಕ್ಕಳು, ಮಂಗಳೂರಿನ ಕಂದಾಯದ ಕಡತ ಹಿಂದೆ ಉಳಿಯುತ್ತವೆ. ನಮಗೆ ಬೇಕಾದ ಕಥೆಯನ್ನು ನಾವೇ ದಾಖಲಿಸುವುದು ಕಷ್ಟವೇನಲ್ಲ:

- ಆರೇಳು ಜಾಗ ಆರಿಸಿ, ಗೂಗಲ್ ಮ್ಯಾಪ್‌ನಲ್ಲಿ ಪಿನ್ ಮಾಡಿಕೊಳ್ಳಿ.
- ಪ್ರತಿ ಜಾಗಕ್ಕೆ ಎರಡು-ಮೂರು ನಿಮಿಷ ಸಾಕು. ಮೊಬೈಲ್ ರೆಕಾರ್ಡರ್‌ನಲ್ಲೇ ಮಾತಾಡಿ.
- 'ಎಡಕ್ಕೆ ತಿರುಗಿ', 'ಮೇಲೆ ನೋಡಿ' ಎಂದು ದಾರಿ ಹೇಳುವುದನ್ನು ಮರೆಯಬೇಡಿ.
- ದಕ್ಷಿಣ ಕನ್ನಡ ಅಥವಾ ಬಳ್ಳಾರಿ ಕಡೆಯ ಅಜ್ಜ-ಅಜ್ಜಿಯರ ಮದ್ರಾಸ್ ನೆನಪನ್ನು ಅವರದೇ ದನಿಯಲ್ಲಿ ಸೇರಿಸಿ.
- ಫೈಲ್‌ಗಳಿಗೆ ನಂಬರ್ ಕೊಟ್ಟು ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಹಂಚಿದರೆ ಆಯಿತು.

ಹೊರಡುವ ಮುನ್ನ ಇದು ನೆನಪಿರಲಿ

- ಶುಕ್ರವಾರ ಕೋಟೆ ಮ್ಯೂಸಿಯಂಗೆ ರಜೆ.
- ಜಾರ್ಜ್ ಟೌನ್ ಬೀದಿಗಳಲ್ಲಿ ನಡೆಯಲು ಭಾನುವಾರ ಬೆಳಗ್ಗೆ ಆರಾಮ.
- ನವೆಂಬರ್ ಮಳೆ ಮುಗಿದ ಮೇಲೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹವೆ ಹಿತವಾಗಿರುತ್ತದೆ. ಬೇರೆ ತಿಂಗಳಲ್ಲಿ ನೀರು, ಟೋಪಿ ಕಡ್ಡಾಯ.
- ಇಯರ್‌ಫೋನ್ ಒಂದೇ ಕಿವಿಗೆ ಇರಲಿ. ರಸ್ತೆ ದಾಟುವಾಗ ಆಡಿಯೋ ನಿಲ್ಲಿಸಿ.
- ಕೋಟೆಯಲ್ಲಿ ಸೇನೆ ಮತ್ತು ಸರ್ಕಾರದ ಕಚೇರಿಗಳಿವೆ. ಫೋಟೋ ತೆಗೆಯುವ ಮೊದಲು ಕೇಳಿ.
- ಚರ್ಚ್, ದೇವಸ್ಥಾನಗಳ ಒಳಗೆ ಇಯರ್‌ಫೋನ್ ತೆಗೆದುಬಿಡಿ. ಅಲ್ಲಿನ ಸದ್ದೂ ಕೇಳುವಂಥದ್ದೇ.

ಮುಂದಿನ ಸಲ ಮದುವೆಗೋ ಆಸ್ಪತ್ರೆಗೋ ಚೆನ್ನೈಗೆ ಹೋದಾಗ ಒಂದು ಬೆಳಗ್ಗೆ ಇದಕ್ಕೆಂದು ಉಳಿಸಿಕೊಳ್ಳಿ. ಮರೀನಾ ಬೀಚ್ ಸಂಜೆಗೆ ಇದ್ದೇ ಇದೆ.