ಆ ನೆಟ್ಟನೆ ಕೊಂಬೆ ಯಾರದು?

ಬ್ರಿಟನ್, ಅಮೆರಿಕದ ಮನೆಯಂಗಳಗಳಲ್ಲಿ ಆಗಾಗ ಒಂದು ವಿಚಿತ್ರ ಚೆರ್ರಿ ಮರ ಕಣ್ಣಿಗೆ ಬೀಳುತ್ತದೆ. ಅರ್ಧ ಮರ ಬಿಚ್ಚಿದ ಜಡೆಯಂತೆ ನೆಲದತ್ತ ಇಳಿಬಿದ್ದಿದ್ದರೆ, ಇನ್ನರ್ಧ ಪೊರಕೆ ಕಡ್ಡಿಗಳಂತೆ ನೆಟ್ಟಗೆ ನಿಂತಿರುತ್ತದೆ. ಇಳಿಬಿದ್ದ ಕಡೆ ತಿಳಿ ಗುಲಾಬಿ ಹೂ, ನೆಟ್ಟಗಿರುವ ಕಡೆ ಅಚ್ಚ ಬಿಳಿ. ಮರಕ್ಕೆ ಏನೋ ರೋಗ ಬಡಿದಿದೆ ಎಂದುಕೊಂಡು ಮನೆಯವರು ಸಿಕ್ಕಸಿಕ್ಕಲ್ಲಿ ಕತ್ತರಿ ಆಡಿಸುತ್ತಾರೆ. ಅಸಲಿಗೆ ಅಲ್ಲಿರುವುದು ಒಂದು ಮರವಲ್ಲ, ಎರಡು. ನರ್ಸರಿಯವರು ಕಾಡು ಚೆರ್ರಿಯ ನೇರ ಕಾಂಡವನ್ನು ನಾಲ್ಕೈದು ಅಡಿ ಎತ್ತರದಲ್ಲಿ ಕತ್ತರಿಸಿ, ಅದರ ನೆತ್ತಿಗೆ ಜಪಾನಿನ ಇಳಿಬೀಳುವ ತಳಿಯನ್ನು ಕಸಿ ಕಟ್ಟಿರುತ್ತಾರೆ. ನಮ್ಮ ಕಸಿ ಗುಲಾಬಿಯ ಬುಡದಿಂದ ಕಾಡುಗುಲಾಬಿ ಚಿಗುರುವಂತೆ, ಇಲ್ಲಿ ಕೆಳಗಿನ ಕಾಡು ಗಿಡ ಸಮಯ ಸಿಕ್ಕಾಗ ತಲೆ ಎತ್ತುತ್ತದೆ.

ಹಾಗಾಗಿ ಈ ಮರವನ್ನು ಸವರುವ ಕೆಲಸದಲ್ಲಿ ಮುಕ್ಕಾಲು ಪಾಲು ಗುರುತು ಹಿಡಿಯುವುದೇ. ತೊಗಟೆಯ ಮೇಲೆ ಅಡ್ಡಡ್ಡ ಗೀರುಗಳು, ತೊಟ್ಟು ಎಲೆಗೆ ಕೂಡುವಲ್ಲಿ ಸಾಸಿವೆಗಿಂತ ಚಿಕ್ಕದಾದ ಜೋಡಿ ಗುಬುಟು ಕಂಡರೆ ಚೆರ್ರಿ ಎನ್ನಬಹುದು. ಆದರೆ ಈ ಲಕ್ಷಣ ಮೇಲಿನ ತಳಿಗೂ ಕೆಳಗಿನ ಕಾಡು ಗಿಡಕ್ಕೂ ಸಮಾನ. ತೀರ್ಪು ಕೊಡುವುದು ಕಾಂಡದ ಮೇಲಿನ ಉಬ್ಬಿದ ಗಂಟು, ಅಂದರೆ ಕಸಿ ಕೂಡಿದ ಜಾಗ. ಅದರ ಕೆಳಗೆ ಹುಟ್ಟಿದ್ದೆಲ್ಲ ಕಾಡು ಗಿಡದ್ದು, ಬುಡಕ್ಕೇ ತೆಗೆಯಬೇಕು. ಮೋಟು ಬಿಟ್ಟರೆ ಒಂದಿದ್ದಲ್ಲಿ ನಾಲ್ಕು ಚಿಗುರುತ್ತವೆ. ಗಂಟಿನ ಮೇಲಿಂದ ಹೊರಟ ಕೊಂಬೆ ನೆಟ್ಟಗಿದ್ದರೆ ಮಾತ್ರ ಅವಸರ ಬೇಡ. ಇಳಿಬೀಳುವ ತಳಿಯ ಎಳೆ ಚಿಗುರು ಮೊದಲು ಮೇಲೇರಿ, ಆಮೇಲೆ ತನ್ನ ಭಾರಕ್ಕೇ ಬಾಗುವುದುಂಟು. ನೆಟ್ಟಗಿರುವುದೇ ತಪ್ಪಲ್ಲ, ಎಲ್ಲಿಂದ ಹುಟ್ಟಿತು ಎಂಬುದಷ್ಟೇ ಪ್ರಶ್ನೆ.

ಚೆರ್ರಿ ಕಡಿಯುವವನು ದಡ್ಡ, ಪ್ಲಮ್ ಕಡಿಯದವನೂ ದಡ್ಡ ಎಂಬ ಗಾದೆ ಜಪಾನಿನಲ್ಲಿದೆ. ಫುಕುಶಿಮಾ ಪ್ರಾಂತ್ಯದ ಮಿಹಾರು ಊರಿನಲ್ಲಿ, ಸಾವಿರ ವರ್ಷ ದಾಟಿದ್ದೆಂದು ಹೇಳುವ, 1922ರಲ್ಲಿ ರಾಷ್ಟ್ರೀಯ ನೈಸರ್ಗಿಕ ಸ್ಮಾರಕವಾದ ಇಳಿಬೀಳುವ ಚೆರ್ರಿ ಮರವೊಂದರ ಕೊಂಬೆಗಳಿಗೆ ಊರುಗೋಲು ಕೊಟ್ಟು ನಿಲ್ಲಿಸಿದ್ದಾರೆ. ಹಾಗಿದ್ದರೆ ಕತ್ತರಿಯೇಕೆ? ಗಾದೆಯ ಮಾತು ಸುಳ್ಳಲ್ಲ: ಚೆರ್ರಿಯ ಗಾಯ ಬೇಗ ಮಾಯುವುದಿಲ್ಲ, ಅಲ್ಲಿ ಶಿಲೀಂಧ್ರ ಹೊಕ್ಕು ಮರ ಕೊಳೆಯುತ್ತದೆ. ಆ ಕಾರಣಕ್ಕೇ ದಪ್ಪ ಕೊಂಬೆಗೆ ಕೈಹಾಕಬಾರದು, ಕಾಡು ಚಿಗುರನ್ನು ಪೆನ್ಸಿಲ್ ಗಾತ್ರದಲ್ಲೇ ತೆಗೆಯಬೇಕು. ಅದನ್ನು ಬಿಡುವುದು ದಯೆಯೇನಲ್ಲ. ಕಾಡು ಗಿಡದ ಓಟ ಜೋರು, ಕೆಲವೇ ವರ್ಷಗಳಲ್ಲಿ ಅದು ಮೇಲಿನ ತಳಿಯನ್ನು ನೆರಳಿಗೆ ತಳ್ಳಿ ಸೊರಗಿಸುತ್ತದೆ. ಎಲೆ ಉದುರಿದ ಚಳಿಗಾಲದಲ್ಲಿ ಕೊಂಬೆಗಳು ಸ್ಪಷ್ಟವಾಗಿ ಕಾಣುತ್ತವಲ್ಲ ಎನ್ನುವವರಿದ್ದಾರೆ. ಕಾಣುತ್ತವೆ, ನಿಜ. ಆದರೆ ಮುಂದಿನ ವಸಂತದ ಮೊಗ್ಗು ಬೇಸಿಗೆಯಲ್ಲೇ ಕಟ್ಟಿರುವುದರಿಂದ ಚಳಿಗಾಲದ ಕತ್ತರಿ ಹೂವನ್ನೇ ಕತ್ತರಿಸುತ್ತದೆ. ತಂಪು ತೇವದಲ್ಲಿ ಬೆಳ್ಳಿ ಎಲೆ ರೋಗದ ಬೀಜಕಣಗಳೂ ಗಾಯಕ್ಕೆ ಸುಲಭವಾಗಿ ಸೇರುತ್ತವೆ. ಬ್ರಿಟನ್ನಿನ ತೋಟಗಾರರು ಜೂನ್‌ನಿಂದ ಆಗಸ್ಟ್‌ವರೆಗಿನ ಒಣ ದಿನ ಹುಡುಕುವುದು ಇದಕ್ಕೇ.

ಇಂಥ ಮರವಿರುವ ಮನೆಗೆ ಹೋದ ಹೊರನಾಡ ಕನ್ನಡಿಗರು ಹೂ ಅರಳಿದ ವಾರದಲ್ಲೇ ಬಿಳಿ ಹೂವಿನ ಕೊಂಬೆಗಳಿಗೊಂದು ದಾರ ಕಟ್ಟಿಡಲಿ. ಜೂನ್ ಹೊತ್ತಿಗೆ ಹೂ ಇರುವುದಿಲ್ಲ, ಎರಡೂ ಹಸಿರಾಗಿರುತ್ತವೆ.